ಕಂಡಿಕೆ 1ರಿಂದ 14ರವರೆಗೆ ಸತ್ಯ

ವಕೀಲಿಕೆಗೆ ಸೇರಿದ ಮೊದಲ ವಾರ ಸೀನಿಯರ್ ನನ್ನ ಕೈಗೆ ಒಂದು ಹಳೇ ಫೈಲು ಕೊಟ್ಟು, "ಇದನ್ನ ನೋಡ್ಕೊಂಡು ಹೊಸ ದಾವೆ ಡ್ರಾಫ್ಟ್ ಮಾಡು" ಅಂದರು. ಸಿವಿಲ್ ಕೋರ್ಟಿಗೆ ಹೋಗುವ ಕಾಗದಗಳು ಹುಟ್ಟುವುದೇ ಹೀಗೆ. ಪ್ರತಿ ವಾದಪತ್ರಕ್ಕೂ ಒಬ್ಬ ಅಪ್ಪ ಇರುತ್ತಾನೆ, ಆ ಅಪ್ಪನಿಗೊಬ್ಬ ತಾತ. ಕೆದಕುತ್ತಾ ಹೋದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕೊನೆಯಲ್ಲಿ ಅಚ್ಚಾಗಿರುವ ನಮೂನೆಗಳ ತನಕ ವಂಶವೃಕ್ಷ ಸಿಕ್ಕರೂ ಸಿಕ್ಕೀತು. ವಂಶದ ಗುಣ ಬರಲಿ ಅಂತ ನಾವು ನಕಲು ಮಾಡುತ್ತೇವೆ. ಬರುವುದು ಮಚ್ಚೆ ಮಾತ್ರ.

ನನ್ನ ಮೊದಲ ಮಚ್ಚೆಯ ಕತೆ ಕೇಳಿ. ಹಳೇ ಫೈಲಿನ ಕಕ್ಷಿದಾರರ ಹೆಸರು 'ರಾಮ'ದಿಂದ ಶುರುವಾಗುತ್ತಿತ್ತು, ಹೊಸಬರದ್ದು 'ಸೋಮ'ದಿಂದ. ಹಳಬರ ಹೆಸರಿನ ಬಾಲ ಒಂದೊಂದು ಪುಟದಲ್ಲಿ ಒಂದೊಂದು ಥರ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಅಯ್ಯ. ಪುಣ್ಯಕ್ಕೆ ಹೊಸಬರಿಗೂ ಅವೇ ಎರಡು ಬಾಲ. ಒಂದೊಂದಾಗಿ ತಿದ್ದುತ್ತಾ ಯಾರು ಕೂರುತ್ತಾರೆ? ಕಂಪ್ಯೂಟರಿಗೆ ಹೇಳಿದೆ: 'ರಾಮ' ಎಲ್ಲಿದ್ದರೂ ತೆಗೆ, 'ಸೋಮ' ಹಾಕು. ಅರೆಕ್ಷಣದಲ್ಲಿ 47 ಕಡೆ ಬದಲಾಯಿಸಿದೆ ಅಂತ ಅದು ವರದಿ ಒಪ್ಪಿಸಿತು. ಎಂಥಾ ಜಾಣ ಯಂತ್ರ ಅಂದುಕೊಂಡೆ. ಪ್ರಿಂಟ್ ತೆಗೆದೆ, ಕಕ್ಷಿದಾರರ ಸಹಿ ಹಾಕಿಸಿದೆ, ನೋಟರಿ ಮುಂದೆ ಪ್ರಮಾಣ ಮಾಡಿಸಿದೆ, ಕೋರ್ಟಿಗೆ ಕೊಟ್ಟೆ.

ಎರಡು ದಿನ ಬಿಟ್ಟು ಶಿರಸ್ತೇದಾರರು ಕರೆದರು. ಕಾಗದಗಳನ್ನು ಪರಿಶೀಲಿಸಿ ಆಕ್ಷೇಪಣೆ ಹಾಕುವುದು ಅವರ ಕೆಲಸ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲ ಇತ್ತು.

"ವಕೀಲ್ರೇ, ಈ ಗ್ಸೋಮ ಪಂಚಾಯಿತಿ ಯಾವ ತಾಲ್ಲೂಕಿಗೆ ಬರುತ್ತೆ?"

ನೋಡಿದೆ. ಕಂಪ್ಯೂಟರಿನ ಲೆಕ್ಕದಲ್ಲಿ 'ಗ್ರಾಮ' ಅಂದರೆ 'ಗ್' ಜೊತೆಗೆ 'ರಾಮ'. ನಮ್ಮ ಕಣ್ಣಿಗೆ ಕಾಣುವ ಒತ್ತಕ್ಷರ ಅದರ ಕಣ್ಣಿಗೆ ಬೀಳುವುದಿಲ್ಲ. ಒಳಗಿದ್ದ ರಾಮನನ್ನೆಲ್ಲ ಹುಡುಕಿ ಹುಡುಕಿ ತೆಗೆದಿತ್ತು. ಗ್ಸೋಮ ಲೆಕ್ಕಿಗ, ಗ್ಸೋಮ ನಕ್ಷೆ, ಗ್ಸೋಮಠಾಣಾ. ಅಷ್ಟೂ ಸತ್ಯ ಅಂತ ನಮ್ಮ ಕಕ್ಷಿದಾರರು ಪ್ರಮಾಣ ಮಾಡಿದ್ದರು. ಶಿರಸ್ತೇದಾರರು ಪೆನ್ಸಿಲಿನಲ್ಲಿ ಒಂದೊಂದಕ್ಕೂ ಪುಟ್ಟ ಸುತ್ತು ಹಾಕಿಟ್ಟಿದ್ದರು. ಒಟ್ಟು 19 ಸುತ್ತು. ಆಮೇಲೆ ಸುಮಾರು ದಿನ ಕೋರ್ಟ್ ಆವರಣದಲ್ಲಿ ನನ್ನನ್ನು ಕಂಡವರು "ಏನ್ರೀ, ಯಾವ ಗ್ಸೋಮ ನಿಮ್ಮದು?" ಅಂತ ಕೇಳುತ್ತಿದ್ದರು.

ಎರಡನೇ ಅವಾಂತರ ಚಕ್ಕುಬಂದಿಯದ್ದು. ಜಮೀನಿನ ದಾವೆಯಲ್ಲಿ ಆಸ್ತಿಯನ್ನು ಗುರುತು ಹಿಡಿಯುವ ಹಾಗೆ ವಿವರಿಸಬೇಕು. ಅದಕ್ಕೆ ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆರ್ಡರ್ 7 ರೂಲ್ 3 ಇದೆ. ಸರ್ವೆ ನಂಬರು, ನಾಲ್ಕು ದಿಕ್ಕಿಗೆ ಏನೇನಿದೆ ಅನ್ನುವುದು, ಎಲ್ಲ ಷೆಡ್ಯೂಲಿನಲ್ಲಿ ಬರಬೇಕು. ಈ ಕಕ್ಷಿದಾರರು ತಂದಿದ್ದ ಕ್ರಯಪತ್ರದ ಜೆರಾಕ್ಸ್‌ನಲ್ಲಿ ಮಡಿಕೆ ಬಿದ್ದ ಜಾಗದಲ್ಲೇ ಪೂರ್ವ, ಪಶ್ಚಿಮ ಎರಡೂ ಅಳಿಸಿಹೋಗಿತ್ತು. "ಹೇಳಿ, ಬರ್ಕೋತೀನಿ" ಅಂದೆ. ನಮ್ಮ ಆಫೀಸಿನ ಆ ಕೋಣೆಗೆ ಕಿಟಕಿ ಇಲ್ಲ. ಅವರು ಕುರ್ಚಿಯಿಂದ ಎದ್ದು, ಗೋಡೆಯ ಕ್ಯಾಲೆಂಡರ್ ಇದ್ದ ಕಡೆ ಸೂರ್ಯ ಹುಟ್ಟುತ್ತಾನೆ ಅಂತ ತೀರ್ಮಾನಿಸಿ, ಕೈ ಚಾಚಿ "ಇತ್ಲಾಗೆ ಹಳ್ಳ, ಅತ್ಲಾಗೆ ಅವರ ಜಮೀನು" ಅಂದರು. ನಾನು ಅವರ ಎದುರು ಕೂತಿದ್ದೆ. ಅವರ ಬಲ ನನ್ನ ಎಡ. ಉಳಿದದ್ದನ್ನು ನೀವೇ ಊಹಿಸಬಹುದು.

ಪ್ರತಿವಾದಿ ಕೈಫಿಯತ್ತು, ಅಂದರೆ ದಾವೆಗೆ ಲಿಖಿತ ಉತ್ತರ, ಹಾಕಲು 30 ದಿನ, ಕೋರ್ಟು ಒಪ್ಪಿದರೆ 90 ದಿನ. ಅವರ ವಕೀಲರು ಅಷ್ಟೂ ದಿನ ತಗೊಂಡರು. ಸುಮ್ನೆ ತಗೊಂಡಿರಲಿಲ್ಲ. 'ವಾದಿಯೇ ತೋರಿಸಿರುವ ಚಕ್ಕುಬಂದಿಯ ಪ್ರಕಾರ ವಾದಿಯ ಜಮೀನು ಹಳ್ಳದ ಆಚೆ ದಡದಲ್ಲಿ ಬರುತ್ತದೆ. ಅದನ್ನು ವಾದಿಯು ಸುಖವಾಗಿ ಅನುಭವಿಸಲು ಈ ಪ್ರತಿವಾದಿಯ ತಕರಾರು ಏನೂ ಇಲ್ಲ.' ಎದುರು ಪಕ್ಷದವರಿಂದ ಇಷ್ಟು ಸೌಜನ್ಯ ನಾನು ಮತ್ತೆಂದೂ ಕಂಡಿಲ್ಲ.

ಸರಿ, ತಿದ್ದುಪಡಿ ಅರ್ಜಿ ಹಾಕೋಣ ಅಂತಾಯಿತು. ಆರ್ಡರ್ 6 ರೂಲ್ 17. ಇನ್ನೂ ವಿಚಾರಣೆ ಶುರುವಾಗಿರಲಿಲ್ಲ, ಹಾಗಾಗಿ ಬದುಕಿಕೊಂಡೆವು. ಶುರುವಾದ ಮೇಲಾದರೆ, ಎಷ್ಟು ಎಚ್ಚರ ವಹಿಸಿದ್ದರೂ ಇದನ್ನು ಮೊದಲೇ ಹೇಳಲು ಆಗುತ್ತಿರಲಿಲ್ಲ ಅಂತ ತೋರಿಸಬೇಕು. ಕ್ಯಾಲೆಂಡರ್ ಕಡೆ ಸೂರ್ಯ ಹುಟ್ಟಿಸಿದವರು ಎಚ್ಚರದ ಮಾತಾಡುವುದು ಹೇಗೆ? ಅರ್ಜಿಯಲ್ಲಿ ಯಾವುದನ್ನು ತೆಗೆಯಬೇಕು, ಅದರ ಜಾಗದಲ್ಲಿ ಯಾವುದನ್ನು ಸೇರಿಸಬೇಕು ಅಂತ ಬಿಡಿಸಿ ಬರೆಯಬೇಕು. ಬರೆದೆ. ಸರಿಯಾದದ್ದನ್ನು ತೆಗೆದು ತಪ್ಪಾದದ್ದನ್ನು ಸೇರಿಸಲು ಅಪ್ಪಣೆ ಕೊಡಬೇಕೆಂದು ಘನ ನ್ಯಾಯಾಲಯವನ್ನು ಬೇಡಿಕೊಂಡಿದ್ದೆ. ಸೀನಿಯರ್ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುವವರಾಗಿದ್ದರೆ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಇದು ಬೈಗುಳ ಮೀರಿದ ಕೇಸು.

"ಇನ್ಮೇಲೆ ಕೆಳಗಿನಿಂದ ಮೇಲಕ್ಕೆ ಓದು. ಮೇಲಿನಿಂದ ಓದಿದ್ರೆ ಏನಿರಬೇಕೋ ಅದು ಕಾಣುತ್ತೆ, ಏನಿದೆಯೋ ಅದು ಕಾಣಲ್ಲ."

ಕೆಳಗಿನಿಂದ ಓದಲು ಹೊರಟರೆ ಮೊದಲು ಸಿಗುವುದೇ ವೆರಿಫಿಕೇಶನ್. ಅಲ್ಲಿಯವರೆಗೆ ಅದನ್ನು ಒಂದು ಸಲವೂ ಓದಿರಲಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ. ನೀವು ಯಾವತ್ತಾದರೂ ದಾವೆ ಹಾಕಿದ್ದರೆ ಅದಕ್ಕೆ ಸಹಿ ಹಾಕಿರುತ್ತೀರಿ. 'ಮೇಲ್ಕಂಡ ಕಂಡಿಕೆ 1ರಿಂದ 14ರವರೆಗಿನ ಎಲ್ಲ ಸಂಗತಿಗಳು ನನ್ನ ತಿಳಿವಳಿಕೆ, ಮಾಹಿತಿ ಹಾಗೂ ನಂಬಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ.' ಬಾಯಿಪಾಠ ಬರುವಷ್ಟು ಸಲ ಟೈಪ್ ಮಾಡಿದ್ದೆ. ಆದರೆ ಆರ್ಡರ್ 6 ರೂಲ್ 15 ಕೇಳುವುದೇ ಬೇರೆ. ಯಾವ ಯಾವ ಕಂಡಿಕೆ ನಿನಗೆ ಖುದ್ದಾಗಿ ಗೊತ್ತು, ಯಾವ ಯಾವ ಕಂಡಿಕೆ ಯಾರೋ ಹೇಳಿದ್ದನ್ನು ಕೇಳಿ ನಂಬಿದ್ದು, ನಂಬರ್ ಹಾಕಿ ಬೇರೆ ಬೇರೆ ಹೇಳು ಅನ್ನುತ್ತದೆ ಅದು. ಜೊತೆಗೆ ಸಹಿ, ತಾರೀಖು, ಸ್ಥಳ. ನಾವು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಕೊಡುತ್ತೇವೆ. ವೆರಿಫಿಕೇಶನ್ ತಪ್ಪಾದರೆ ದಾವೆಯೇನೂ ಬಿದ್ದುಹೋಗುವುದಿಲ್ಲ, ಆಮೇಲೆ ಸರಿಪಡಿಸಿಕೊಳ್ಳಬಹುದು. ನಮ್ಮ ಸೋಮಾರಿತನಕ್ಕೆ ಇದಕ್ಕಿಂತ ಧೈರ್ಯ ಬೇಕಾ?

2002ರ ಜುಲೈಯಿಂದ ಇದು ಸಾಲದು ಅಂತ ಇನ್ನೊಂದು ಅಫಿಡವಿಟ್ಟನ್ನೂ ಸೇರಿಸಿದ್ದಾರೆ. ಒಮ್ಮೆ ಸತ್ಯ ಅಂದದ್ದನ್ನು ಪ್ರಮಾಣ ಮಾಡಿ ಮತ್ತೊಮ್ಮೆ ಸತ್ಯ ಅನ್ನಬೇಕು. ನನ್ನ ಒಂದು ಫೈಲಿನಲ್ಲಿ ಅಫಿಡವಿಟ್ ಮೇಲಿನ ನೋಟರಿ ಮುದ್ರೆಯ ತಾರೀಖು ಸೋಮವಾರದ್ದು, ವಾದಪತ್ರದ ತಾರೀಖು ಮಂಗಳವಾರದ್ದು. ಇನ್ನೂ ಬರೆಯದ ವಾದಪತ್ರ ಪೂರ್ತಿ ಸತ್ಯ ಅಂತ ನಮ್ಮ ಕಕ್ಷಿದಾರರು ಹಿಂದಿನ ದಿನವೇ ಆಣೆ ಇಟ್ಟಿದ್ದರು. ಅಷ್ಟು ನಂಬಿಕೆ ನನ್ನ ಮೇಲೆ.

ಆದರೆ ಎಲ್ಲರಿಗೂ ಅಂಥ ನಂಬಿಕೆ ಇರುವುದಿಲ್ಲ. ಒಬ್ಬ ಅಮ್ಮ ಬಂದರು. ಪಕ್ಕದ ಜಮೀನಿನವನು ಬದು ಕಿತ್ತು ಒತ್ತುವರಿ ಮಾಡುತ್ತಿದ್ದಾನೆ ಅಂತ ದೂರು. ನಾನು ಎಂದಿನಂತೆ ಹಳೇ ಫೈಲು ತೆಗೆದು ದಾವೆ ತಯಾರು ಮಾಡಿ, ಕೊನೇ ಪುಟ ಮುಂದಿಟ್ಟು, "ಇಲ್ಲಿ ಸಹಿ ಹಾಕಿ ಅಮ್ಮಾ" ಅಂದೆ. ಅವರು ಪೆನ್ನು ಪಕ್ಕಕ್ಕಿಟ್ಟು ಮೊದಲ ಪುಟಕ್ಕೆ ತಿರುಗಿಸಿದರು. ನಾಲ್ಕನೇ ಇಯತ್ತೆ ಓದಿದವರಂತೆ. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರ ಓದತೊಡಗಿದರು. ಎರಡನೇ ಸಾಲಿಗೇ ಬೆರಳು ನಿಂತಿತು.

"ಲಾಯರಪ್ಪ, ಇಲ್ಲಿ 'ಬಿನ್' ಅಂತೈತೆ. ನಾನು ಯಾರ ಮಗ?"

ಹಳೇ ಫೈಲು ಗಂಡಸಿನದು. ನಮ್ಮ ಕಾಗದಗಳಲ್ಲಿ 'ಬಿನ್' ಅಂದರೆ ಮಗ, 'ಕೋಂ' ಅಂದರೆ ಹೆಂಡತಿ. 'ಕೋಂ ಲೇಟ್' ಅಂತ ತಿದ್ದಿಕೊಟ್ಟೆ. ಅವರು ಮತ್ತೆ ಬೆರಳಿಟ್ಟರು.

"ಈ ಮೂರ್ನೇದು ನನಗೆ ಗೊತ್ತಿಲ್ಲ. ಭಾಗ ಆಗಿದ್ದು ನಾನು ಮದುವೆ ಆಗಿ ಬರೋಕೆ ಮುಂಚೆ. ನಮ್ಮ ಮಾವನವರು ಹೇಳ್ತಿದ್ರು. ನಾಲ್ಕನೇದು ಸರಿ. ಉಳೋದು, ಬಿತ್ತೋದು ನಾನೇ ಮಾಡ್ಸಿದ್ದು."

"ಏನಾಗಲ್ಲ ಅಮ್ಮಾ, ಎಲ್ಲ ಸೇರಿಸಿ ಹಾಗೇ ಬರೆಯೋದು."

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಯಾಕೆ ಬರೀತೀರ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆರಳು ಏಳಕ್ಕೆ ಬಂತು. ಅಲ್ಲಿ ನಾನು 'ಪ್ರತಿವಾದಿಯು ರಾತ್ರಿ ವೇಳೆ ಗುದ್ದಲಿಯಿಂದ ಬದುವನ್ನು ಕೀಳುತ್ತಿದ್ದುದನ್ನು ವಾದಿಯು ಕಣ್ಣಾರೆ ಕಂಡು' ಅಂತ ಬರೆದಿದ್ದೆ. ಹಳೇ ಫೈಲಿನವರು ಕಣ್ಣಾರೆ ಕಂಡಿದ್ದರು, ಹಾಗಾಗಿ.

"ಕೀಳೋದನ್ನ ನಾನು ಎಲ್ಲಿ ನೋಡಿದೆ? ಕಿತ್ತಿದ್ದನ್ನ ನೋಡಿದೆ. ಬೆಳಗ್ಗೆ ಹೋದಾಗ ಮಣ್ಣು ಹಸಿ ಇತ್ತು. ಕೀಳೋದನ್ನ ನೋಡಿದೋನು ನನ್ನ ಮೈದುನನ ಮಗ. ಅವನು ನನಗೆ ಹೇಳಿದ."

ಏಳನ್ನು ಎರಡು ಮಾಡಿದೆ. ನೋಡಿದ್ದು ಒಂದು, ಕೇಳಿದ್ದು ಒಂದು. ಆಗ ಹಿಂದಿನ ಒಂಬತ್ತು ಹತ್ತಾಯಿತು. 'ಪ್ರತಿವಾದಿಯ ಸದರಿ ಕೃತ್ಯವು ಕಾನೂನುಬಾಹಿರವೂ ದುರುದ್ದೇಶಪೂರಿತವೂ ಆಗಿದ್ದು, ವಾದಿಯ ಶಾಂತಿಯುತ ಸ್ವಾಧೀನಾನುಭವಕ್ಕೆ ಚ್ಯುತಿ ತರುವಂಥದ್ದಾಗಿರುತ್ತದೆ.' ಅದನ್ನು ದಾಟಲು ಬೆರಳಿಗೆ ಐದು ನಿಮಿಷ ಬೇಕಾಯಿತು.

"ಇದು ನನ್ನ ಮಾತಲ್ಲ."

"ನೀವು ಹೇಳಿದ್ದೇ ಅಮ್ಮಾ. ಕಾನೂನಿನ ಭಾಷೆಯಲ್ಲಿ ಹಾಗೆ ಬರೀಬೇಕು."

"ನಾನು ಹೇಳಿದ್ದು ಅವನು ಕಳ್ಳ ಅಂತ."

ಹತ್ತನೇ ಕಂಡಿಕೆಯನ್ನು 'ಕಾನೂನು ಸಲಹೆಯಿಂದ ತಿಳಿದು ನಂಬಿದ್ದು' ಅನ್ನುವ ಪಟ್ಟಿಗೆ ಸೇರಿಸಿದ ಮೇಲೆಯೇ ಅವರಿಗೆ ಸಮಾಧಾನ. ಎಲ್ಲ ಮುಗಿಯಿತು ಅಂತ ಪೆನ್ನು ಕೊಟ್ಟೆ. "ಹದಿನಾಲ್ಕು ಅಂತ ಇದೆಯಲ್ಲ, ಈಗ ಹದಿನೈದು ಆಯ್ತಲ್ವಾ?" ಅಂದರು. ಮತ್ತೆ ಪ್ರಿಂಟ್ ತೆಗೆದೆ. ಆ ವೆರಿಫಿಕೇಶನ್ ಒಂದೇ ಅರ್ಧ ಪುಟ ಬಂತು. ಸೀನಿಯರ್ ಅದನ್ನು ಎರಡು ಸಲ ಓದಿದರು. ಕನ್ನಡಕ ಮೂಗಿನ ಮೇಲೇ ಇತ್ತು.

ಅಮ್ಮನ ಸಾಕ್ಷ್ಯದ ದಿನ ಬಂತು. ಈಗ ಮುಖ್ಯ ವಿಚಾರಣೆಯನ್ನೂ, ಅಂದರೆ ಸಾಕ್ಷಿಯ ಮೊದಲ ಹೇಳಿಕೆಯನ್ನೂ, ಅಫಿಡವಿಟ್ ರೂಪದಲ್ಲೇ ಕೊಡುವುದರಿಂದ, ಸಾಕ್ಷಿ ತನ್ನ ಸ್ವಂತ ಬಾಯಲ್ಲಿ ಕತೆ ಹೇಳುವುದು ಹೆಚ್ಚುಕಮ್ಮಿ ಪಾಟಿ ಸವಾಲಿನಲ್ಲೇ. ಎದುರಿನ ವಕೀಲರಿಗೆ ಅತ್ಯಂತ ಪ್ರಿಯವಾದ ಉತ್ತರ ಒಂದಿದೆ: "ವಕೀಲ್ರು ಬರೆದ್ರು, ನಾನು ಸಹಿ ಹಾಕಿದೆ." ಅದನ್ನು ಹೇಳಿಸಿಬಿಟ್ಟರೆ ಅರ್ಧ ಕೆಲಸ ಆದಂತೆ. ಅವರು ನಗುನಗುತ್ತಾ ಎದ್ದರು. ಅವರೂ ನನ್ನ ಹಾಗೇ ಹಳೇ ಫೈಲು ನೋಡಿಕೊಂಡು ಪ್ರಶ್ನೆ ಬರೆದುಕೊಂಡು ಬಂದಿದ್ದರು ಅಂತ ಕಾಣುತ್ತದೆ.

"ಪ್ರತಿವಾದಿ ಬದು ಕೀಳುತ್ತಿದ್ದ ರಾತ್ರಿ ಅಲ್ಲಿ ಬೆಳಕಿತ್ತಾ?"

"ನನಗೇನು ಗೊತ್ತು? ನಾನು ಅಲ್ಲಿರಲಿಲ್ಲ."

"ಅಂದ್ರೆ ನೀವು ನೋಡಿಲ್ಲ!"

"ನೋಡಿಲ್ಲ ಅಂತಲೇ ಬರೆಸಿದೀನಿ. ಕೊನೇ ಪುಟ ನೋಡಿ ಸ್ವಾಮಿ."

ಜಡ್ಜ್ ಸಾಹೇಬರು ಕೊನೇ ಪುಟ ತಿರುಗಿಸಿದರು. ವಕೀಲರು ತಮ್ಮ ಪ್ರತಿಯಲ್ಲಿ ಕೊನೇ ಪುಟ ಹುಡುಕಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಪಾಪ. ಆಮೇಲೆ ಮೂರನೇ ಕಂಡಿಕೆ ಎತ್ತಿದರು. "ಅದೂ ಅಲ್ಲೇ ಐತೆ" ಅಂದರು ಅಮ್ಮ. ನಾನು ಮೇಜಿನ ಕೆಳಗೆ ಕೈ ಕೈ ಹಿಸುಕಿಕೊಳ್ಳುತ್ತಾ ಕೂತಿದ್ದೆ, ಖುಷಿಗೆ.

ಕೂರುವ ಮೊದಲು ಎದುರಿನ ವಕೀಲರಿಗೆ ಏನೋ ಹೊಳೆಯಿತು. ಸಾಕ್ಷ್ಯದ ಹಾಳೆಯ ಮೇಲೆ ಅಮ್ಮ ಆವತ್ತು ಹೇಳಿದ ವಯಸ್ಸು 71. ವಾದಪತ್ರದ ಮೊದಲ ಪುಟದಲ್ಲಿ 52. ಹಳೇ ಫೈಲಿನವರ ವಯಸ್ಸು. ಬಿನ್ ತಿದ್ದುವಾಗ ಅದರ ಪಕ್ಕದಲ್ಲೇ ಕೂತಿದ್ದನ್ನು ನಾನು ಹಾಗೇ ಬಿಟ್ಟಿದ್ದೆ. ವಕೀಲರು ಎರಡನ್ನೂ ಜೋರಾಗಿ ಓದಿದರು. ಕೋರ್ಟಿನಲ್ಲಿ ಒಂದು ಸಣ್ಣ ನಗು ಓಡಾಡಿತು. ಸೀನಿಯರ್ ಕೈ ಕನ್ನಡಕದ ಕಡೆ ಹೋಯಿತು. ಟೈಪಿಂಗ್ ದೋಷ ಅಂತ ಹೇಳಿ ಹೇಗೋ ಆ ಹೊತ್ತು ದಾಟಿದೆವು.

ಹೊರಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ. "ಅಮ್ಮಾ, ಅಷ್ಟೆಲ್ಲ ಬೆರಳಿಟ್ಟು ಓದಿದ್ರಿ. ವಯಸ್ಸು ಕಾಣಲಿಲ್ವಾ?"

"ಕಾಣದೆ ಏನು? ಮೊದಲನೇ ಪುಟದಲ್ಲೇ ಇತ್ತಲ್ಲ."

"ಮತ್ತೆ ಹೇಳ್ಬಾರದಿತ್ತಾ?"

"ಅದಕ್ಕೆ ನಂಬರೇ ಇರಲಿಲ್ವಲ್ಲಪ್ಪ. ನಾನು ಸಹಿ ಹಾಕಿದ್ದು ಒಂದರಿಂದ ಹದಿನೈದಕ್ಕೆ ತಾನೆ?" ಅಂದವರು, ಸೆರಗು ಸರಿಮಾಡಿಕೊಂಡು ಐವತ್ತೆರಡರವರ ಹಾಗೆ ಮೆಟ್ಟಿಲಿಳಿದರು.