ಬೆಣ್ಣೆ ಕರಗಿದ ಮೇಲೆ ಬಲಕ್ಕೆ ತಿರುಗಿ

ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವವರಿಗೆ ಹಿಂದಿನವರು ಬಿಟ್ಟುಹೋದ ದಾರಿಸೂಚಿ ಒಂದೇ ಸಾಲಿನದು: ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗಿ, ಆಮೇಲೆ ಪಶ್ಚಿಮಕ್ಕೆ ತಿರುಗಿ. ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಹೊರಟವರು ಕೇಪ್ ವರ್ಡಿ ದ್ವೀಪಗಳ ಕಡೆ ಬರುವಷ್ಟರಲ್ಲಿ ಬೆಣ್ಣೆ ಕರಗಿರುತ್ತದೆ. ಅಲ್ಲಿ ಈಶಾನ್ಯದ ವಾಣಿಜ್ಯ ಮಾರುತ ಹಿಡಿದು ಬಲಕ್ಕೆ ತಿರುಗಿದರೆ ಕೆರಿಬಿಯನ್‌ನ ಸೇಂಟ್ ಲೂಸಿಯಾ ತನಕ ಇನ್ನೊಂದು ತಿರುವಿಲ್ಲ. ಒಟ್ಟು ದೂರ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. 35 ಅಡಿಯ ದೋಣಿ 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ವೇಗದಲ್ಲಿ ದಿನಕ್ಕೆ 120 ಮೈಲಿ ಕ್ರಮಿಸಿದರೆ ಮೂರು ವಾರಕ್ಕೆ ಒಂದೆರಡು ದಿನ ಹೆಚ್ಚು. ಜೂನ್‌ನಿಂದ ನವೆಂಬರ್ ತನಕ ಆ ಕಡೆ ಚಂಡಮಾರುತದ ಕಾಲವಾದ್ದರಿಂದ, ಹೊರಡುವವರೆಲ್ಲ ನವೆಂಬರ್ ಕೊನೆಗೆ ಕಾಯುತ್ತಾರೆ.

ಗಂಡ ಹೆಂಡತಿ ಇಬ್ಬರೇ ಹೀಗೆ ಹೊರಟರೆಂದರೆ ದಡದಲ್ಲಿ ಉಳಿದವರ ತಲೆಯಲ್ಲಿ ಎರಡೇ ಚಿತ್ರ. ಒಂದರಲ್ಲಿ ಸೂರ್ಯಾಸ್ತ, ಇನ್ನೊಂದರಲ್ಲಿ ತಿಮಿಂಗಿಲ. ತಿಮಿಂಗಿಲದ್ದು ಪೂರ್ತಿ ಕಟ್ಟುಕತೆಯಲ್ಲ. 1973ರಲ್ಲಿ ಬ್ರಿಟನ್ನಿನ ಮಾರಿಸ್ ಮತ್ತು ಮಾರಲಿನ್ ಬೇಲಿ ದಂಪತಿಯ ದೋಣಿಗೆ ಪೆಸಿಫಿಕ್‌ನಲ್ಲಿ ತಿಮಿಂಗಿಲ ಗುದ್ದಿ, ದೋಣಿ ಮುಳುಗಿ, ಅವರು ನಾಲ್ಕು ತಿಂಗಳ ಹತ್ತಿರ ರಬ್ಬರ್ ತೆಪ್ಪದಲ್ಲಿ ತೇಲಿದ್ದರು. ಆದರೆ ಅಂಥ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಉಳಿದವರ ಪಾಲಿಗೆ ಬರುವುದು ಹೊಯ್ದಾಟ.

ಗಾಳಿ ಪಕ್ಕದಿಂದ ಬೀಸಿದರೆ ಹಾಯಿಯ ಮೇಲಿನ ಒತ್ತಡ ದೋಣಿಯನ್ನು ಒಂದೇ ಕಡೆಗೆ ವಾಲಿಸಿ ಹಿಡಿದಿರುತ್ತದೆ. ಮನುಷ್ಯ ಆ ವಾಲಿಗೆ ಒಗ್ಗಿಕೊಳ್ಳುತ್ತಾನೆ. ವಾಣಿಜ್ಯ ಮಾರುತ ಬೀಸುವುದು ಬೆನ್ನ ಹಿಂದಿನಿಂದ. ಆಗ ಹಿಡಿದುಕೊಳ್ಳಲು ಏನೂ ಇಲ್ಲದೆ ದೋಣಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳುತ್ತಲೇ ಇರುತ್ತದೆ. ಆರು ಸೆಕೆಂಡಿಗೊಂದು ಎಂದು ಹಿಡಿದರೂ ದಿನಕ್ಕೆ 14,400 ಸಲ. ಮುಂದಿನ ಅನಾಹುತಗಳಲ್ಲಿ ಹೆಚ್ಚಿನವು ಈ ಲೆಕ್ಕದಲ್ಲೇ ಹುಟ್ಟಿದವು.

ಮೊದಲು ನಿದ್ದೆ. ಇಬ್ಬರೇ ಇರುವುದರಿಂದ ರಾತ್ರಿ ಮೂರು ಗಂಟೆ ಒಬ್ಬರ ಕಾವಲು, ಮೂರು ಗಂಟೆ ಇನ್ನೊಬ್ಬರದು. 20 ನಾಟ್ ವೇಗದ ಸರಕು ಹಡಗು ಕಣ್ಣಿಗೆ ಬಿದ್ದ ಮೇಲೆ ಮೈಮೇಲೆ ಬರಲು 15-20 ನಿಮಿಷ ಸಾಕು. ಹಾಗಾಗಿ ಹಡಗು ಪತ್ತೆಯ ಎಐಎಸ್ ಯಂತ್ರಕ್ಕೆ ಅಲಾರಂ ಇದ್ದರೂ ಕಾವಲಿನವರ ಕೊರಳಲ್ಲಿ ಅಡುಗೆಮನೆಯ ಟೈಮರ್ ನೇತಾಡುತ್ತಿರುತ್ತದೆ. 15 ನಿಮಿಷಕ್ಕೊಮ್ಮೆ ಅದು ಕಿರುಚಬೇಕು, ಎದ್ದು ಸುತ್ತಲೂ ಒಂದು ಸುತ್ತು ನೋಡಬೇಕು. ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುತ್ತಾರೆ. ಜೊತೆಯಾಗಿ ಕಾಲ ಕಳೆಯೋಣವೆಂದು ಕೆಲಸ ಬಿಟ್ಟು ಬಂದ ದಂಪತಿ ದಿನದಲ್ಲಿ ಮುಖಾಮುಖಿ ಕೂರುವುದು ಮಧ್ಯಾಹ್ನದ ಊಟಕ್ಕೆ, ಸಂಜೆ ಹಾಯಿ ತುಸು ಇಳಿಸುವಾಗ, ಅಷ್ಟೇ. ಮಿಕ್ಕ ದಾಂಪತ್ಯವೆಲ್ಲ ಲಾಗ್‌ಬುಕ್ಕಿನ ಷರಾ ಕಾಲಂನಲ್ಲಿ ನಡೆಯುತ್ತದೆ: "ಗಾಳಿ ಈಶಾನ್ಯ, 18 ನಾಟ್. ಬಿಸ್ಕತ್ತಿನ ಡಬ್ಬ ಖಾಲಿ ಮಾಡಿದ್ದು ನಾನಲ್ಲ."

ಕಾವಲಿನ ನಿಯಮಗಳಲ್ಲಿ ಒಂದನ್ನು ಮಾತ್ರ ತಮಾಷೆಗೆ ಬಳಸುವಂತಿಲ್ಲ. ಇನ್ನೊಬ್ಬರು ಮಲಗಿರುವಾಗ ಯಾರೂ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ತಗ್ಗು ಜಾಗ) ಬಿಟ್ಟು ಮುಂದಿನ ಡೆಕ್ಕಿಗೆ ಹೋಗಬಾರದು. ಕಾಕ್‌ಪಿಟ್‌ನಲ್ಲೂ ಮೈಗೆ ಕಟ್ಟಿದ ಸುರಕ್ಷಾ ಪಟ್ಟಿಯ ಕೊಕ್ಕೆ ದೋಣಿಗೆ ಸಿಕ್ಕಿಸಿರಬೇಕು. 5 ನಾಟ್ ವೇಗದಲ್ಲಿ ದೋಣಿ ನಿಮಿಷಕ್ಕೆ 150 ಮೀಟರ್ ದಾಟುತ್ತದೆ. ಬಿದ್ದವರು ಕೂಗಿದ್ದು ಮಲಗಿದವರಿಗೆ ಕೇಳುವುದಿಲ್ಲ. ಟೈಮರ್ ಬಿದ್ದವರ ಕೊರಳಲ್ಲೇ ಹೋಗಿರುತ್ತದೆ.

ಸರಿ, ಕಾವಲು ಮುಗಿಸಿ ಮಲಗಲು ಬಂದಿರಿ. ದೋಣಿಯ ಮೂತಿಯಲ್ಲಿರುವ ಚಂದದ ಡಬಲ್ ಹಾಸಿಗೆ ಬಂದರಿನಲ್ಲಿ ತೋರಿಸಲು ಮಾತ್ರ. ಸಮುದ್ರದಲ್ಲಿ ಅಲ್ಲಿ ಮಲಗಿದವರು ಗಾಳಿಯಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ಮಲಗಬೇಕಾದದ್ದು ನಡುವಿನ ಸೋಫಾದಲ್ಲಿ, ಉರುಳದಂತೆ ಪಕ್ಕಕ್ಕೆ ದಪ್ಪ ಬಟ್ಟೆಯ ಅಡ್ಡಗಟ್ಟೆ ಕಟ್ಟಿಕೊಂಡು. ಕಣ್ಣು ಮುಚ್ಚಿದ ತಕ್ಷಣ ಶುರುವಾಗುತ್ತದೆ: ಟಕ್. ಆರು ಸೆಕೆಂಡು ಬಿಟ್ಟು ಮತ್ತೆ ಟಕ್. ತಟ್ಟೆಗಳ ಕಪಾಟಿಗೆ ಕಿವಿ ಕೊಟ್ಟರೆ ಶಬ್ದ ಒಲೆಯ ಕೆಳಗಿನಿಂದ. ಒಲೆಯ ಕೆಳಗೆ ಬಗ್ಗಿದರೆ ತಟ್ಟೆಗಳ ಕಪಾಟಿನಿಂದ. ಫೈಬರ್ ಗ್ಲಾಸ್ ದೋಣಿಯ ಹೊಟ್ಟೆ ಶಬ್ದವನ್ನು ಹಾಗೆ ಹಂಚುತ್ತದೆ. ಮೂರು ಗಂಟೆಯ ನಿದ್ದೆಯಲ್ಲಿ ಮುಕ್ಕಾಲು ಗಂಟೆ ಹುಡುಕಿದ ಮೇಲೆ ಸಿಗುವುದು ಒಂದು ಲಿಂಬೆಹಣ್ಣು, ಇಲ್ಲವೇ ಟಾರ್ಚಿನ ಬ್ಯಾಟರಿ. ಉಪಾಯ ಹೊರಡುವ ಮೊದಲೇ ಆಗಬೇಕು: ಬಾಟಲಿಗೊಂದರಂತೆ ಕಾಲುಚೀಲ ತೊಡಿಸಿ, ಉಳಿದ ಸಂದುಗಳಿಗೆ ಟವೆಲ್ ತುರುಕಿ. ಉಷ್ಣವಲಯದಲ್ಲಿ ಹೇಗೂ ಯಾರೂ ಕಾಲುಚೀಲ ಹಾಕುವುದಿಲ್ಲ. ಹಾಯಿ ಕಟ್ಟುವ ಕಂಬವಾದ ಮಾಸ್ಟ್‌ನ ಒಳಗೆ ವೈರ್ ಬಡಿಯುತ್ತಿದ್ದರೆ ಮಾತ್ರ ದಡ ಸೇರುವ ತನಕ ಮದ್ದಿಲ್ಲ.

ಡಬ್ಬಿ ಆಹಾರವನ್ನು ತುಂಬುವಾಗ ಮೇಲಿನ ಕಾಗದದ ಲೇಬಲ್ ಕಿತ್ತುಹಾಕುವುದು ಹಳಬರ ಪದ್ಧತಿ. ಬಿಡುವುದಾದರೆ ದೋಣಿಯ ತಳದಲ್ಲಿ ಸೇರುವ ನೀರಿಗೆ ಲೇಬಲ್ ಕಳಚಿ, ಮುದ್ದೆಯಾಗಿ, ತಳದ ಪಂಪಿನ ಬಾಯಿಗೆ ಕೂರುತ್ತದೆ. ಪಂಪು ನಿಜವಾಗಿ ಬೇಕಾದ ದಿನವೇ ಅದು ಗೊತ್ತಾಗುವುದು. ಕಿತ್ತ ಮೇಲೆ ಅಳಿಸದ ಮಾರ್ಕರಿನಲ್ಲಿ ಪೂರ್ತಿ ಹೆಸರು ಬರೆಯಬೇಕು. ಸೋಮಾರಿತನಕ್ಕೆ "ಪಿ" ಎಂದಷ್ಟೇ ಗೀಚಿದವರಿಗೆ ಪೀಸ್, ಪೀಚ್, ಪೈನಾಪಲ್ ಎಲ್ಲವೂ ಒಂದೇ. ಸಾಗರದ ನಡುವೆ ಬಟಾಣಿ ಪಲ್ಯಕ್ಕೆ ಪೀಚ್ ಬಿದ್ದರೆ ಅಡುಗೆ ಮಾಡಿದವರ ತಪ್ಪೋ ಬರೆದವರ ತಪ್ಪೋ ಎಂಬ ಚರ್ಚೆ ಎರಡು ದಿನ ಆರಾಮವಾಗಿ ನಡೆಯುತ್ತದೆ.

ಇನ್ನು ಬಾಳೆಗೊನೆ. ಕೆನರಿಯಲ್ಲಿ ಬಾಳೆ ಚೆನ್ನಾಗಿ ಬೆಳೆಯುತ್ತದೆ, ಹಿಂಭಾಗದ ಕಂಬಿಗೆ ಇಡೀ ಗೊನೆ ಕಟ್ಟಿದರೆ ಫೋಟೋ ಸೊಗಸಾಗಿ ಬರುತ್ತದೆ. ಮದುವೆಮನೆಗೆ ಗೊನೆ ತಂದವರಿಗೆ ಮುಂದಿನದು ಗೊತ್ತೇ ಇದೆ: ಒಂದು ವಾರ ಕಲ್ಲಿನಂತೆ ಹಸಿರು, ಒಂದು ಬೆಳಿಗ್ಗೆ ಅಷ್ಟೂ ಹಳದಿ. ಇಬ್ಬರಿಗೆ ನೂರು ಹಣ್ಣು, ಎರಡು ದಿನದ ಗಡುವು. ಬುದ್ಧಿವಂತರು ಬೇರೆ ಬೇರೆ ಹದದ ಮೂರು ನಾಲ್ಕು ಚಿಪ್ಪು ಕೊಳ್ಳುತ್ತಾರೆ, ಇತರ ಹಣ್ಣಿನಿಂದ ದೂರ ಇಡುತ್ತಾರೆ. ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಡುತ್ತಾರೆ. ಅದರ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಪುಕ್ಕಟೆ ಪ್ರಯಾಣ ಮಾಡುತ್ತದೆ.

ಅಡುಗೆಗೆ ಪ್ರೆಷರ್ ಕುಕ್ಕರನ್ನು ಮೀರಿದ ಪಾತ್ರೆ ಇಲ್ಲ. ನಮ್ಮಲ್ಲಿ ಅದನ್ನು ಬೇಗ ಬೇಯುತ್ತದೆಂದು ಇಟ್ಟುಕೊಳ್ಳುತ್ತೇವೆ. ದೋಣಿಯವರು ಇಟ್ಟುಕೊಳ್ಳುವುದು ಗ್ಯಾಸ್ ಉಳಿತಾಯದ ಜೊತೆಗೆ ಮುಚ್ಚಳ ಭದ್ರವಾಗಿ ಕೂರುತ್ತದೆಂದು. ಉರುಳಿಬಿದ್ದರೂ ಸಾರು ಒಳಗೇ ಇರುತ್ತದೆ. ಒಲೆ ಎರಡು ಗೂಟಗಳ ಮೇಲೆ ತೂಗಾಡುತ್ತ ಮಟ್ಟವಾಗಿಯೇ ಇರುತ್ತದೆ, ದೋಣಿ ಅದರ ಸುತ್ತ ಹೊರಳುತ್ತದೆ. ಇದನ್ನು ನಂಬಿ ಅವನ್‌ನ ಬಾಗಿಲು ತೆರೆದರೆ ಕೆಟ್ಟಿತು: ಬಾಗಿಲಿನ ಭಾರಕ್ಕೆ ಒಲೆ ಮುಂದಕ್ಕೆ ಬಾಗಿ ಮೇಲಿದ್ದದ್ದೆಲ್ಲ ಅಡುಗೆಯವರ ಮಡಿಲಿಗೆ ಬರುತ್ತದೆ. ತೆರೆಯುವ ಮುನ್ನ ಒಲೆಯ ಚಿಲಕ ಹಾಕಿ. ಬಿಸಿ ಚಹಾವನ್ನು ಕೈಯಲ್ಲಿ ಹಿಡಿದ ಲೋಟಕ್ಕೆ ಸುರಿಯದೆ ಸಿಂಕ್‌ನೊಳಗಿಟ್ಟ ಲೋಟಕ್ಕೆ ಸುರಿಯಿರಿ.

ಸಿಹಿನೀರಿನ ಲೆಕ್ಕ ತಲೆಗೆ ದಿನಕ್ಕೆ 4 ಲೀಟರ್; ಇಬ್ಬರಿಗೆ 25 ದಿನಕ್ಕೆ 200, ಅರ್ಧದಷ್ಟು ಮೀಸಲು ಸೇರಿ 300. ಪಾತ್ರೆ ತೊಳೆಯಲು ಉಪ್ಪುನೀರು, ಅನ್ನಕ್ಕೆ ಮೂರನೇ ಒಂದು ಪಾಲು ಉಪ್ಪುನೀರು. ಕರೆಂಟಿನ ಪಂಪನ್ನು ಆನ್ ಮಾಡಿಯೇ ಬಿಟ್ಟಿದ್ದು, ಎಲ್ಲೋ ಒಂದು ಪೈಪಿನ ಕ್ಲಿಪ್ಪು ಸಡಿಲಾದರೆ ಇಡೀ ಟ್ಯಾಂಕು ಸದ್ದಿಲ್ಲದೆ ದೋಣಿಯ ತಳಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ಪ್ರತ್ಯೇಕ ಟ್ಯಾಂಕು, ಕಾಲಿನ ಪಂಪು, ಜೊತೆಗೆ ಬೇರೆ ಕ್ಯಾನುಗಳು.

ಒಳಗೆ ಹೋದದ್ದು ಹೊರಗೆ ಹೋಗುವ ವಿಷಯ ಬಂತು. ದೋಣಿಯ ಕಕ್ಕಸು ಸಮುದ್ರದ ನೀರಿನ ಕೈಪಂಪಿನದು. ನಾಲ್ಕೈದು ಸಲ ಒತ್ತಿ "ಹೋಯಿತು" ಎಂದುಕೊಳ್ಳುವವರು ದಾರಿ ಕಟ್ಟುತ್ತಾರೆ. ಎರಡು ಮೀಟರ್ ಪೈಪು ಖಾಲಿಯಾಗಲು 15-20 ಸಲ ಬೇಕು. ಉಪ್ಪುನೀರು ಮತ್ತು ಮೂತ್ರ ಸೇರಿ ಪೈಪಿನೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ, ಆಗಾಗ ವಿನೆಗರ್ ಸುರಿದರೆ ನಿಧಾನವಾಗುತ್ತದೆ. ತಿನ್ನದೇ ಇದ್ದದ್ದನ್ನು ಒಳಗೆ ಹಾಕಬಾರದು, ಕಾಗದವನ್ನೂ. ಆದರೂ ಕಟ್ಟಿತೆಂದರೆ ಬಿಚ್ಚುವವರು ಯಾರು ಎಂಬುದನ್ನು ಬಂದರಿನಲ್ಲೇ, ಇಬ್ಬರೂ ನಗುತ್ತಿರುವಾಗ, ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಅದನ್ನು ಬಿಚ್ಚುವಾಗಲೂ ಆರು ಸೆಕೆಂಡಿಗೊಂದು ಹೊಯ್ದಾಟ ಇದ್ದೇ ಇರುತ್ತದೆ.

ಮೇಲೆ ಡೆಕ್ಕಿನಲ್ಲಿ ದಿನಾ ಬೆಳಿಗ್ಗೆ ಒಂದು ಸುತ್ತು. ರಾತ್ರಿ ಬಿದ್ದ ಹಾರುಮೀನುಗಳನ್ನು ವಾಸನೆ ಹಿಡಿಯುವ ಮೊದಲು ಹೆಕ್ಕಬೇಕು. ಹಗ್ಗ ಒಂದೇ ಜಾಗದಲ್ಲಿ ದಿನಕ್ಕೆ 14,400 ಸಲ ಉಜ್ಜಿದರೆ ಬೆರಳು ದಪ್ಪದ್ದೂ ಹರಿಯುತ್ತದೆ. ದಿನಾ ಒಂದು ಗೇಣು ಎಳೆದೋ ಬಿಟ್ಟೋ ಉಜ್ಜುವ ಜಾಗ ಬದಲಿಸಬೇಕು. ಹಿಂದಿನ ಗಾಳಿ ತುಸು ಪಕ್ಕ ಸರಿದರೂ ದೊಡ್ಡ ಹಾಯಿಯ ಕೆಳಗಿನ ಅಡ್ಡಕಂಬವಾದ ಬೂಮ್ ಧಡಾರನೆ ಆಚೆ ಬದಿಗೆ ಬೀಸುತ್ತದೆ, ನಡುವೆ ಯಾರ ತಲೆಯಿದೆ ಎಂದು ಕೇಳುವುದಿಲ್ಲ. ಅದಕ್ಕೆ ಬೂಮ್‌ನ ತುದಿಯಿಂದ ಮೂತಿಗೆ, ಅಲ್ಲಿಂದ ಕಾಕ್‌ಪಿಟ್‌ಗೆ ಒಂದು ತಡೆಹಗ್ಗ. ಇಷ್ಟೆಲ್ಲ ನೋಡುತ್ತಿರುವಾಗ ಡೆಕ್ಕಿನ ಮೇಲೆ ಒಂದು ಸಣ್ಣ ಸ್ಟೀಲ್ ಪಿನ್ನು ಫಳಫಳ ಹೊಳೆಯುತ್ತ ಬಿದ್ದಿರುತ್ತದೆ. ಎಲ್ಲಿಂದ ಬಿತ್ತು? ಮಾಸ್ಟ್ ಹಿಡಿದಿರುವ ತಂತಿಗಳ ಕೀಲಿನದೋ, ಹಾಳಾದ ಕನ್ನಡಕದ್ದೋ? ಉತ್ತರ ಸಿಗುವ ತನಕ ಇಬ್ಬರೂ ತಲೆಯೆತ್ತಿಕೊಂಡೇ ಓಡಾಡುತ್ತಾರೆ. ತಿಮಿಂಗಿಲ ಬಂದರೂ ಆಗ ಗಮನಿಸುವವರಿಲ್ಲ.

ಪಶ್ಚಿಮಕ್ಕೆ ಹೋದಂತೆ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ಗಡಿಯಾರ ಹಿಂದೆ ತಿರುಗಿಸಬೇಕು. ಕೆನರಿಯಿಂದ ಸೇಂಟ್ ಲೂಸಿಯಾಕ್ಕೆ ಒಟ್ಟು ನಾಲ್ಕು ಗಂಟೆ. ರಾತ್ರಿ ತಿರುಗಿಸಿದರೆ ಕಾವಲಿನಲ್ಲಿದ್ದವರಿಗೆ ಒಂದು ಗಂಟೆ ಹೆಚ್ಚುವರಿ ಕೆಲಸ, ಓವರ್‌ಟೈಮ್ ಇಲ್ಲ. ಜಾಣರು ಮಧ್ಯಾಹ್ನ ಇಬ್ಬರೂ ಎದ್ದಿರುವಾಗ ತಿರುಗಿಸುತ್ತಾರೆ.

ಕೊನೆಗೆ ದಡ. ಕತ್ತಲಲ್ಲಿ ಕಂಡರೆ ಬೆಳಕಾಗುವ ತನಕ ಹೊರಗೇ ಕಾಯುವುದು ನಿಯಮ. ಬೆಳಿಗ್ಗೆ ರಾಡ್ನಿ ಬೇ ಕೊಲ್ಲಿಯಲ್ಲಿ ಲಂಗರು. ನೀರಿನ ಆಳದ ಐದು ಪಟ್ಟು ಸರಪಳಿ ಬಿಡಬೇಕು. 5 ಮೀಟರ್ ಇದ್ದರೆ 25 ಮೀಟರ್. ಮೂತಿಯಲ್ಲಿ ಒಬ್ಬರು, ಚುಕ್ಕಾಣಿಯಲ್ಲಿ ಒಬ್ಬರು, ನಡುವೆ ಎಂಜಿನ್ನಿನ ಸದ್ದು, ಸುತ್ತ ಕಾಫಿ ಲೋಟ ಹಿಡಿದು ನೋಡುತ್ತಿರುವ ಇತರ ದೋಣಿಗಳ ಜನ. ಮೂರು ವಾರ ಷರಾ ಕಾಲಂನಲ್ಲಿ ಸೌಜನ್ಯದಿಂದ ಬದುಕಿದ ದಂಪತಿ ಇಲ್ಲಿ ಪರಸ್ಪರ ಅರಚುವುದನ್ನು ನೋಡಲೆಂದೇ ಅವರು ಮೇಲೆ ಬಂದಿರುತ್ತಾರೆ. ಕೂಗಬೇಡಿ, ಕೈಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಿ. ಮುಂದೆ, ಹಿಂದೆ, ಎಡ, ಬಲ, ನಿಲ್ಲಿಸು, ಒಟ್ಟು ಐದು. ಆರನೆಯದೊಂದು ಸನ್ನೆ ಅಲ್ಲೇ ಹೊಳೆಯುತ್ತದೆ, ಅದಕ್ಕೆ ಅಭ್ಯಾಸ ಬೇಡ.