ಶಕ್ತಿ ಕಾರ್ಡ್ ಮಹಾತ್ಮೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಈಚೆಗೆ ಪ್ರತಿ ಮನೆಯ ಮೀಟರಿನ ಮೇಲೂ ಬಂಗಾರದ ಬಣ್ಣದ ಕಾರ್ಡೊಂದು ವಿರಾಜಮಾನವಾಗಿದೆ. ನ್ಯಾನೊ ಲೋಹಲೇಪವುಳ್ಳ ಈ ಕಾರ್ಡು ವಾತಾವರಣದ ಶಕ್ತಿಯನ್ನು ಹೀರಿ ವಿದ್ಯುತ್ ಬಿಲ್ಲನ್ನು ಇಳಿಸುವುದಲ್ಲದೆ, ಮಂಡಿನೋವನ್ನೂ ಮಗನ ಮದುವೆಗೆ ಅಡ್ಡ ಬಂದಿರುವ ಋಣಾತ್ಮಕ ಶಕ್ತಿಯನ್ನೂ ಓಡಿಸುತ್ತದೆಂದು ಮಾರಾಟಗಾರನು ನಿವಾಸಿಗಳ ಸೊಸೈಟಿಯ ಸಭೆಯಲ್ಲಿ ಘೋಷಿಸಿದಾಗ ಚಪ್ಪಾಳೆ ತಟ್ಟದೆ ಕುಳಿತವರು ಇಬ್ಬರೇ: ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನು ಮತ್ತು ಕಿವಿ ಕೇಳಿಸದ ನಾಲ್ಕನೆಯ ಮಹಡಿಯ ಅಜ್ಜ.

ತಪ್ಪೆಲ್ಲ ಮಾರಾಟಗಾರನದೆನ್ನಲಾರೆ. ಅಮ್ಮನವರ ಗುಡಿಯಲ್ಲಿರುವುದೂ, ಟಾನಿಕ್ಕಿನ ಬಾಟಲಿಯಲ್ಲಿರುವುದೂ, ಚುನಾವಣೆಯ ಹೊತ್ತಿಗೆ ಪಕ್ಷಗಳು ಪ್ರದರ್ಶಿಸುವುದೂ, ಭೌತಶಾಸ್ತ್ರದವರು ಜೂಲ್ ಎಂಬ ಮಾನದಲ್ಲಿ ಅಳೆಯುವುದೂ ನಮ್ಮ ನುಡಿಯಲ್ಲಿ ಶಕ್ತಿಯೇ. ಮಕ್ಕಳು ಶಕ್ತಿಯನ್ನು ಸುರಿದು ಖಾಲಿ ಮಾಡುವ ಪದಾರ್ಥವೆಂದೇ ಭಾವಿಸುತ್ತಾರೆಂದು ಬೋಧನಾ ಸಂಶೋಧಕರು ದಶಕಗಳಿಂದ ಬರೆಯುತ್ತಿದ್ದಾರೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲಾಗದು ಎಂದು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಎರಡು ಅಂಕ ಗಳಿಸಿದ ಆ ಮಕ್ಕಳೇ ಮುಂದೆ ಸೊಸೈಟಿಯ ಸಮಿತಿಗೆ ಆಯ್ಕೆಯಾಗುತ್ತಾರೆ.

ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್, ಅಂದರೆ 50 ಕಿಲೋ ಅಕ್ಕಿಮೂಟೆಯನ್ನು 12 ಮೀಟರ್ ಎತ್ತರಕ್ಕೆ ಆರುನೂರಕ್ಕೂ ಹೆಚ್ಚು ಸಲ ಏರಿಸುವಷ್ಟು ಕೆಲಸ; ಇದನ್ನು ಕಾರ್ಡು ಎಲ್ಲಿಂದ ತರುತ್ತದೆಂದು ಕೇಳಿದೆ. “ಎಲ್ಲದಕ್ಕೂ ಲೆಕ್ಕ ಕೇಳಿದರೆ ಹೇಗೆ ಮಾರಾಯ್ರೇ?” ಎಂದು ಗದರಿದವರು ನಮ್ಮ ಖಜಾಂಚಿಯವರು.

ಲೋಹಲೇಪವೇನೋ ನಿಜವಾದ ಶಾಸ್ತ್ರವೇ. ವಾತಾವರಣದ ಒತ್ತಡದ ಕೋಟಿಯಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುವಂತೆ ಗಾಳಿ ತೆಗೆದ ಪೆಟ್ಟಿಗೆಯ ನಿರ್ವಾತದಲ್ಲಿ ಅಲ್ಯೂಮಿನಿಯಮ್ಮನ್ನು ಆವಿಯಾಗಿಸಿ, ಗಾಜಿನ ಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪಕ್ಕೆ ಕೂರಿಸಿದರೆ ದೂರದರ್ಶಕದ ಕನ್ನಡಿ ಸಿದ್ಧವಾಗುತ್ತದೆ. (ಸಂಶೋಧನಾ ವಿದ್ಯಾರ್ಥಿಯ ಅರ್ಧ ಯೌವನ ಆ ಪೆಟ್ಟಿಗೆಯೊಳಕ್ಕೆ ಗಾಳಿ ಎಲ್ಲಿ ಸೋರುತ್ತಿದೆಯೆಂದು ಹುಡುಕುವುದರಲ್ಲೇ ಮುಗಿಯುತ್ತದೆ.) ಅದಕ್ಕಿಂತ ತೆಳುವಾದ ಲೇಪ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣದ ಒಳಪದರದಲ್ಲಿದ್ದು, ಅದನ್ನು ನಾವು ದಿನವೂ ಲೋಕಲ್ ರೈಲಿನ ಕಿಟಕಿಯಿಂದ ಹೊರಗೆಸೆಯುತ್ತೇವೆ. 1,500 ರೂಪಾಯಿಯ ಕಾರ್ಡಿನ ಬಂಗಾರ ಮಾತ್ರ ನನ್ನ ಉಗುರಿಗೇ ಎದ್ದು ಬಂತು.

ಇಂಥ ವಸ್ತುಗಳಿಂದ ಏನೂ ಹೊಮ್ಮದೆಂದೂ ಹೇಳುವಂತಿಲ್ಲ. 5ಜಿ ಮೊಬೈಲ್ ತರಂಗಗಳಿಂದ ಕಾಪಾಡುತ್ತವೆಂದೂ ಶಕ್ತಿ ತುಂಬುತ್ತವೆಂದೂ ಮಾರುತ್ತಿದ್ದ ಹಾರ, ಕೈಬಳೆ ಮೊದಲಾದ ಹತ್ತು ವಸ್ತುಗಳು ವಿಕಿರಣಶೀಲವಾಗಿವೆಯೆಂದು ನೆದರ್ಲೆಂಡ್ಸಿನ ಅಣು ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಎಚ್ಚರಿಸಿತ್ತು. ಕೊಟ್ಟ ಮಾತಿನಂತೆ ಶಕ್ತಿಯನ್ನು ಹೊರಸೂಸಿದ ಪ್ರಾಮಾಣಿಕ ಸರಕು ಅದೊಂದೇ ಇರಬೇಕು.

ತಿಂಗಳು ಕಳೆದು ಬಂದ ಬಿಲ್ಲು ಏರಿಯೇ ಇದ್ದುದರಿಂದ ಖಜಾಂಚಿಯವರು ಕಾರ್ಡನ್ನು ಕಿತ್ತು, ಕನ್ನಡಕ ಏರಿಸಿ ಹಿಂಬದಿಯ ಸಣ್ಣಕ್ಷರವನ್ನು ಓದಿದರು: “ಉತ್ತಮ ಫಲಿತಾಂಶಕ್ಕಾಗಿ, ಬೇಡದ ದೀಪ ಮತ್ತು ಫ್ಯಾನುಗಳನ್ನು ಆರಿಸಿಡಿ.”