ಗಡಗಡ ಅನ್ನುವ ಬಾಗಿಲು

ಅಡುಗೆಮನೆ ಕಪಾಟಿಗೆ ಮರದ ಬಾಗಿಲು ಮಾಡಿಸುವವರಿಗೆ ಒಂದು ಮಾತು. ನಡುವಿನ ಹಲಗೆ ಸ್ವಲ್ಪ ಅಲ್ಲಾಡಿದರೆ ಬಡಗಿಯ ಮೇಲೆ ಹಾರಿ ಬೀಳಬೇಡಿ. ನಾನು ಬಿದ್ದಿದ್ದೆ, ಅದಕ್ಕೇ ಹೇಳ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಸಾಗರದ ನಮ್ಮ ಮನೆಗೆ 14 ಬಾಗಿಲು ಮಾಡಿಸಿದೆ. ಸಾಗುವಾನಿ ಚೌಕಟ್ಟು, ನಡುವೆ ಹಲಸಿನ ಹಲಗೆ. (ಹಲಸಿಗೆ ಬಿಳಿ ಪೇಂಟಾ ಅಂತ ಬಯ್ಯಬೇಡಿ. ನಮ್ಮ ಅಡುಗೆಮನೆಗೆ ಇರುವುದೇ ಒಂದು ಕಿಟಕಿ.) ಮೊದಲ ಬಾಗಿಲು ಜೋಡಿಸಿದ ದಿನ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಗಡಗಡ ಅಂತು. "ಏನ್ ಆಚಾರ್ರೇ, ಫೆವಿಕಾಲ್ ಖಾಲಿಯಾಯ್ತಾ?" ಅಂದೆ. ಅವರು ಮಾತಾಡಲಿಲ್ಲ. ದೇವರ ಕೋಣೆಗೆ ಕರೆದುಕೊಂಡು ಹೋಗಿ, ಅಜ್ಜನ ಕಾಲದ ಬಾಗಿಲಿನ ಹಲಗೆಯನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದರು. ಅದೂ ಅಲ್ಲಾಡುತ್ತಿತ್ತು. ದಿನಾ ತೆಗೆದು ಹಾಕುವ ಬಾಗಿಲು, ನಾನು ನೋಡಿಯೇ ಇರಲಿಲ್ಲ.

ಆಮೇಲೆ ಆಚಾರ್ರು ಬಿಡಿಸಿ ಹೇಳಿದರು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಒಂದಡಿ ಅಗಲದ ಹಲಗೆ ಎರಡು ಮೂರು ಮಿಲಿಮೀಟರ್ ಆಚೀಚೆ ಆಗಬಹುದು. ಅದಕ್ಕೇ ಚೌಕಟ್ಟಿನ ಒಳಅಂಚಿಗೆ 10 ಮಿ.ಮೀ. ಆಳದ ಗ್ರೂವ್ (ಉದ್ದನೆಯ ಸಣ್ಣ ಕಾಲುವೆ) ಹೊಡೆದು ಹಲಗೆಯನ್ನು ಸುಮ್ನೆ ಒಳಗೆ ಕೂರಿಸುವುದು. ಅಂಟು ಚೌಕಟ್ಟಿನ ನಾಲ್ಕು ಮೂಲೆಗೆ ಮಾತ್ರ. ಹಲಗೆಗೆ ಒಂದು ತೊಟ್ಟೂ ಇಲ್ಲ.

ನಾನು ಕೇಳಬೇಕಲ್ಲ! ಆಚಾರ್ರು ಊಟಕ್ಕೆ ಹೋದಾಗ ಸಿಂಕ್ ಪಕ್ಕದ ಬಾಗಿಲಿನ ಗ್ರೂವ್‌ಗೆ ಫೆವಿಕಾಲ್ ಸುರಿದೆ. ಫೆಬ್ರವರಿಯಲ್ಲಿ ಒಂದು ರಾತ್ರಿ ಟಪ್ ಅಂತ ಶಬ್ದ. ಬೆಳಿಗ್ಗೆ ನೋಡಿದರೆ ಹಲಗೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು.

ಇನ್ನೊಂದು ಬುದ್ಧಿವಂತಿಕೆ ಪೇಂಟಿನಲ್ಲಿ. "ಹಲಗೆಗೆ ಮೊದಲೇ ಬಣ್ಣ ಕೊಟ್ಟು ಆಮೇಲೆ ಜೋಡಿಸುವ ಮಾರಾಯ್ರೇ, ಎರಡು ದಿನ ಜಾಸ್ತಿ ಅಷ್ಟೇ" ಅಂದಿದ್ದರು ಆಚಾರ್ರು. ಚೌತಿ ಹತ್ತಿರ ಬಂದಿತ್ತು. ನಾನು ಜೋಡಿಸಿದ ಮೇಲೆಯೇ ಬಳಿದೆ. ಉಳಿದದ್ದರಲ್ಲಿ ಕಳ್ಳಾಟ ಆಡಿಲ್ಲ. ಪ್ರೈಮರ್, ಪುಟ್ಟಿ, 220ರ ಉಪ್ಪುಕಾಗದ, ಎರಡು ಕೋಟ್ ಎನಾಮೆಲ್. ಹಿಂಬದಿಗೂ ಅಷ್ಟೇ, ಒಂದೇ ಬದಿ ಬಳಿದರೆ ಹಲಗೆ ಡೊಂಕಾಗುತ್ತದೆ.

ಮಾರ್ಚ್‌ನಲ್ಲಿ ಉಳಿದ ಪ್ರತಿ ಹಲಗೆಯ ಎಡಕ್ಕೂ ಬಲಕ್ಕೂ ಒಂದೊಂದು ಹಳದಿ ಗೆರೆ ಮೂಡಿತು, ಬಿಳಿ ಪಂಚೆಗೆ ಜರಿ ಅಂಚು ಬಂದ ಹಾಗೆ. ಗ್ರೂವ್ ಒಳಗೆ ಬಣ್ಣ ಕಾಣದೆ ಕೂತಿದ್ದ ಹಲಸು ಹೊರಗೆ ಇಣುಕಿತ್ತು. ಮೇಲೆ ಕೆಳಗೆ ಏನೂ ಇಲ್ಲ. ಉದ್ದಕ್ಕೆ ಕುಗ್ಗುವುದಿಲ್ಲ ಅಂದಿದ್ದರಲ್ವಾ!

ಈ ರಗಳೆ ಬೇಡ ಅನ್ನುವವರು ನಡುವೆ ಪ್ಲೈವುಡ್ ಹಾಕಿಸಿ, ಅದರ ಆಟ ತೀರಾ ಕಡಿಮೆ. ಸಿಂಕ್ ಹತ್ತಿರ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾತ್ರ ಬೇಡವೇ ಬೇಡ. ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ.

ಗೆರೆಗಳಿಗೆ ಪುಟ್ಟಿ ತುಂಬಲು ಹೊರಟಿದ್ದೆ. ಈ ಸಲ ಮೊದಲೇ ಆಚಾರ್ರಿಗೆ ಫೋನ್ ಮಾಡಿದೆ. ಚೆನ್ನಾಗಿ ನಕ್ಕರು. "ಪುಟ್ಟಿ ಬೇಡ. ಬರೀ ಬಣ್ಣ ತಾಗಿಸಿ. ಮಳೆ ಹಿಡಿದರೆ ಆ ಗೆರೆ ಮತ್ತೆ ಕೈಗೆ ಸಿಗಲ್ಲ" ಅಂದರು. ಮಗಳ ಡ್ರಾಯಿಂಗ್ ಬ್ರಷ್ ಹಿಡಿದು ಕೂತಿದ್ದೇನೆ. ಒಂಬತ್ತನೇ ಬಾಗಿಲು ನಡೆಯುತ್ತಿದೆ.